ಒದೆ ನನ್ನದು

ಜನವರಿ 9

ಅತ್ತೆಗೆ ನಮಸ್ಕಾರ.

ನಾನು ನಿಮ್ಮ ಅಣ್ಣನ ಮಗಳು. ನೀವು ಮನೆ ಬಿಟ್ಟಾಗ ನನಗೆ ಒಂಬತ್ತು ವರ್ಷ, ಈಗ ಮೂವತ್ತೊಂದು. ಇಷ್ಟು ವರ್ಷ ಒಂದು ಸಾಲೂ ಬರೆಯದವಳಿಗೆ ಈಗೇನು ಬಂತು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ. ನಿಮ್ಮ ವಿಳಾಸ ಸಾಹಸ ಕಲಾವಿದರ ಸಂಘದಿಂದ ಸಿಕ್ಕಿತು. ಅಲ್ಲಿನ ಗುಮಾಸ್ತರು, "ರಬ್ಬರಕ್ಕನ ಫೋನ್ ನಂಬರ್ ಕೊಟ್ರೆ ನನ್ನ ಕೊಂದೇ ಬಿಡ್ತಾರೆ. ಅಡ್ರೆಸ್ ಬೇಕಾದ್ರೆ ಬರ್ಕೊಳ್ಳಿ" ಎಂದರು.

ನನ್ನ ಕೆಲಸ ಲಿಫ್ಟ್ ರಿಪೇರಿ. ವಾರದಲ್ಲಿ ಆರು ದಿನ ಹಗ್ಗ, ಗ್ರೀಸು, ನಡುವೆ ಸಿಕ್ಕಿಕೊಂಡವರ ಬೈಗುಳ. ಭಾನುವಾರ ಮಧ್ಯಾಹ್ನ ಮಾತ್ರ ನನ್ನದೇ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೇಜಿನ ಸುತ್ತ ನಾಲ್ಕು ಜನ ಕೂರುತ್ತೇವೆ. ನಾನು ಕಥೆ ಹೇಳುತ್ತೇನೆ, ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. "ಬಾಗಿಲಲ್ಲಿ ಕಳ್ಳ ನಿಂತಿದಾನೆ, ಏನ್ ಮಾಡ್ತೀರಿ?" ಎಂದು ನಾನು ಕೇಳಿದರೆ ಅವರು ಹೇಳಬೇಕು. ಹೇಳಿದ್ದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ ಸಾಗುತ್ತದೆ. ಅದಕ್ಕೆ ಕ್ಯಾಂಪೇನ್ ಎನ್ನುತ್ತೇವೆ.

ಇಷ್ಟು ದಿನ ರಾಜರು, ರಾಕ್ಷಸರು, ಖಡ್ಗಗಳ ಕಥೆ ಆಡಿ ಸಾಕಾಯಿತು. ಈ ಸಲ ನೀವು ಕೆಲಸ ಮಾಡಿದಂಥ ನಗೆ ಸಾಹಸದ ಸಿನಿಮಾಗಳ ಹಾಗೆ ಮಾಡೋಣ ಎಂದುಕೊಂಡೆ. ಬೆಂಚು, ಬಕೆಟ್ಟು, ಏಣಿ ಹಿಡಿದು ಹೊಡೆದಾಡುವುದು, ಹೊಡೆಯಲು ಹೋದವನೇ ನೀರಿನ ತೊಟ್ಟಿಗೆ ಬೀಳುವುದು. ಆ ಸಿನಿಮಾಗಳಲ್ಲಿ ನಿಮ್ಮ ಮುಖ ಒಂದರಲ್ಲೂ ಕಾಣುವುದಿಲ್ಲ. ಆದರೆ ಅಮ್ಮ ನಿಮ್ಮ ಬೆನ್ನು ನೋಡಿಯೇ ಗುರುತಿಸುತ್ತಿದ್ದಳು. ಅಪ್ಪ ಶಾಲೆಗೆ ಹೋದ ಮೇಲೆ ಟಿವಿ ಹಾಕಿ, "ನೋಡು, ನಿಮ್ಮತ್ತೆ ಬಿದ್ಲು" ಎಂದು ತೋರಿಸುತ್ತಿದ್ದಳು. ಅಮ್ಮ ಹೋಗಿ ಐದು ವರ್ಷವಾಯಿತು. ನಿಮಗೆ ಯಾರೂ ತಿಳಿಸಿರಲಾರರು.

ನಮ್ಮ ಮೇಜಿನಲ್ಲಿ ಎರಡು ವಾರ ಪ್ರಯತ್ನಿಸಿದೆವು. ಒಬ್ಬರೂ ನಗಲಿಲ್ಲ. "ಅವನು ಹೊಡೆದ, ಇವನು ತಪ್ಪಿಸಿಕೊಂಡ" ಅಷ್ಟೇ. ಆ ಹೊಡೆದಾಟಗಳಿಗೆ ಜನ ಯಾಕೆ ನಗುತ್ತಿದ್ದರು ಎಂದು ಹೇಳಿಕೊಡುತ್ತೀರಾ?

ಅಪ್ಪ ಚೆನ್ನಾಗಿದ್ದಾರೆ. ಹೆಡ್ಮಾಸ್ಟರ್ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಈ ಪತ್ರದ ವಿಷಯ ಅವರಿಗೆ ಗೊತ್ತಿಲ್ಲ.

ನಿಮ್ಮ ಸೊಸೆ


ಜನವರಿ 21

ನಿನ್ನ ಪತ್ರ ಬಂತು.

ಅತ್ತಿಗೆ ಹೋದದ್ದು ನನಗೆ ಗೊತ್ತಿರಲಿಲ್ಲ. ಅದರ ಬಗ್ಗೆ ಇಲ್ಲಿ ಏನೂ ಬರೆಯಲಾರೆ. ಹೆಡ್ಮಾಸ್ಟರರ ಆರೋಗ್ಯವನ್ನು ನಾನು ಕೇಳಿರಲಿಲ್ಲ.

ಫೋನು ಕೊಡುವುದಿಲ್ಲ. ಫೋನಿನಲ್ಲಿ ಜನ ಬೇಗ ಅಳುತ್ತಾರೆ.

ನಾನು ಯಾಕೆ ಮನೆ ಬಿಟ್ಟೆ ಎಂದು ನಿನಗೆ ಏನು ಹೇಳಿದ್ದಾರೋ ತಿಳಿಯದು, ಆದದ್ದು ಇದು. ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಒದ್ದು, "ಹೆಡ್ಮಾಸ್ಟರ್ ತಂಗಿ ಬೀಳೋ ಥರ ಬೀಳೋ" ಎಂದನಂತೆ. ಇಡೀ ಶಾಲೆ ನಕ್ಕಿತಂತೆ. ನಿನ್ನ ಅಪ್ಪ ಮನೆಗೆ ಬಂದವನು ಕೊಡೆಯನ್ನೂ ಕೆಳಗಿಡದೆ, "ಊರಿಗೆ ಊರೇ ನನ್ನ ತಂಗೀನ ಒದೀತಿದೆ, ನಗ್ತಿದೆ. ಆ ಕೆಲಸ ಬೇಕಾ, ಈ ಮನೆ ಬೇಕಾ, ಈಗಲೇ ಹೇಳು" ಎಂದ. ನಾನು ಚಪ್ಪಲಿ ಹಾಕಿಕೊಂಡು ಹೊರಟೆ.

ಅವನಿಗೆ ತಿಳಿಯದೇ ಹೋದದ್ದು ಒಂದಿದೆ. ನನ್ನನ್ನು ಯಾರೂ ಒದೆಯುತ್ತಿರಲಿಲ್ಲ. ಹೀರೋ ಕಾಲು ಎತ್ತುತ್ತಾನೆ, ಅಷ್ಟೇ. ಎಷ್ಟು ದೂರ ಹಾರಬೇಕು, ಮೇಜಿನ ಮೇಲೆ ಬೀಳಬೇಕೋ ಮೇಜಿನ ಆಚೆಗೋ, ಬಿದ್ದು ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ "ಅಯ್ಯೋ" ಎನ್ನಬೇಕು, ಎಲ್ಲ ನನ್ನ ತೀರ್ಮಾನ. ಕಾಲು ಅವನದು, ಒದೆ ನನ್ನದು. ಜನ ನಗುತ್ತಿದ್ದದ್ದು ಒದ್ದವನಿಗಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಮತ್ತೆ ಬರೆಯಬೇಡ. ಬರೆದೇ ತೀರುತ್ತೇನೆ ಎಂದಾದರೆ, ನಿಮ್ಮ ಆಟದಲ್ಲಿ ಬಿದ್ದವನಿಗೆ ಏನು ಸಿಗುತ್ತದೆ ಎಂದು ತಿಳಿಸು.

ರಬ್ಬರ್


ಫೆಬ್ರವರಿ 2

ಅತ್ತೆಗೆ ನಮಸ್ಕಾರ.

ನಮ್ಮ ಆಟದಲ್ಲಿ ಬಿದ್ದವನಿಗೆ ಏನೂ ಸಿಗುವುದಿಲ್ಲ. ದಾಳ ಸರಿಯಾಗಿ ಬೀಳದಿದ್ದರೆ ಅವನ ಸರದಿ ಮುಗಿಯಿತು, ಸುಮ್ಮನೆ ಕೂರಬೇಕು. ನಿಮ್ಮ ಪ್ರಶ್ನೆ ಓದಿ ನಾಚಿಕೆಯಾಯಿತು. ಈಗ ನಿಯಮ ಬದಲಿಸಿದ್ದೇನೆ. ಬಿದ್ದವನು ಎಲ್ಲಿ ಬಿದ್ದ, ಬಿದ್ದ ಕಡೆ ಅವನ ಕೈಗೆ ಏನು ಸಿಕ್ಕಿತು ಎಂಬುದನ್ನು ಅವನೇ ಹೇಳಬೇಕು. ಆ ವಸ್ತು ಹಿಡಿದೇ ಮುಂದಿನ ಹೊಡೆದಾಟ.

ಕಥೆ ಹೀಗಿದೆ. ಸೇತುವೆಯ ಪಕ್ಕ ಒಂದು ಹಳೇ ಹೋಟೆಲ್. ಅದನ್ನು ಕಿತ್ತುಕೊಳ್ಳಲು 'ಹಿತ್ತಾಳೆ ಮುಷ್ಟಿ' ಎಂಬ ಪಟಾಲಂ ಬಂದಿದೆ. ಹೋಟೆಲಿನವರಲ್ಲಿ ಯಾರಿಗೂ ಹೊಡೆದಾಟ ಬರುವುದಿಲ್ಲ. ನಮ್ಮ ದರ್ಜಿ ಅಲ್ಲಿ ಬೀಡುಬಿಟ್ಟ ಗುರು. ನೂರಾ ಮೂವತ್ತು ಪಟ್ಟು ಬಲ್ಲೆ ಎನ್ನುತ್ತಾನೆ, ಒಂದೂ ಬಾರದು. ನರ್ಸ್ ಅಡುಗೆಯವಳು. ದಿನವಿಡೀ ಆಸ್ಪತ್ರೆಯಲ್ಲಿ ಎಲ್ಲರಿಗೂ ಸಮಾಧಾನ ಹೇಳುವ ಹೆಂಗಸು, ಮೇಜಿಗೆ ಬಂದರೆ ಸೌಟು ಹಿಡಿದು ಎಲ್ಲರ ತಲೆ ಒಡೆಯುತ್ತಾಳೆ.

ಮೂರನೆಯವರು ಹೊಸಬರು, ವಯಸ್ಸಾದವರು. ಮಾತು ನಿಧಾನ. ಮೂರು ಭಾನುವಾರ ಬಾಯಿಯನ್ನೇ ಬಿಟ್ಟಿರಲಿಲ್ಲ. ನಿಮ್ಮ ಪತ್ರದಲ್ಲಿದ್ದ ಒದೆಯ ಮಾತನ್ನು ಮೇಜಿನಲ್ಲಿ ಓದಿದೆ. ಬೇಸರಪಡಬೇಡಿ, ಬೀಳುವ ಕಲೆಯ ಭಾಗ ಮಾತ್ರ. ನಿಮಗೆ ಯಾವ ಪಾತ್ರ ಬೇಕು ಎಂದು ಅವರನ್ನು ಕೇಳಿದಾಗ ತುಂಬ ಹೊತ್ತು ಯೋಚಿಸಿ, "ಪಾತ್ರೆ... ತೊಳೆಯೋನು. ಬೀಳೋನು" ಎಂದರು. ದರ್ಜಿ, "ಅಷ್ಟೇನಾ ಸಾರ್, ಬೇರೆ ಶಕ್ತಿ ಏನೂ ಬೇಡ್ವಾ?" ಎಂದ. ಬೇಡವೆಂದು ತಲೆಯಾಡಿಸಿದರು.

ನಿಮ್ಮ ಒಂದು ಪತ್ರಕ್ಕೆ ಇಷ್ಟಾಯಿತು. ಇನ್ನೊಂದು ಬರೆಯಿರಿ.

ಸೊಸೆ


ಫೆಬ್ರವರಿ 15

ಪುಟ್ಟೀ,

ಮೂವತ್ತೊಂದಾದರೂ ಹಾಗೇ ಕರೆಯುತ್ತೇನೆ. ಬೇಡವೆಂದರೆ ಬರೆಯುವುದನ್ನು ನಿಲ್ಲಿಸು.

ನಿನ್ನ ನಿಯಮ ಪರವಾಗಿಲ್ಲ. ಆದರೆ ಗುರುವಿನ ವಿಷಯದಲ್ಲಿ ಎಚ್ಚರ. ಸುಳ್ಳು ಗುರು ಸುಮ್ಮನೆ ಸುಳ್ಳು ಹೇಳುತ್ತಾ ಹೋದರೆ ಎರಡನೇ ವಾರಕ್ಕೇ ಹಳಸಿಹೋಗುತ್ತಾನೆ. ಅವನ ಒಂದು ಸುಳ್ಳು ನಿಜವಾಗಿಬಿಡಬೇಕು. ಬಾಯಿಗೆ ಬಂದ ಪಟ್ಟಿನ ಹೆಸರು ಹೇಳಿ ಕೈ ಬೀಸುತ್ತಾನೆ, ಎದುರಿನವನು ನಿಜಕ್ಕೂ ಉರುಳುತ್ತಾನೆ, ಎಲ್ಲರಿಗಿಂತ ಹೆಚ್ಚು ಗಾಬರಿಯಾಗುವವನು ಗುರುವೇ. ಇನ್ನೊಂದು ಮಾತು. ನಿನ್ನ ಹೋಟೆಲಿನವರು ಹೆದರಿರಬೇಕು. ಧೈರ್ಯವಂತನ ಹೊಡೆದಾಟ ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ, ಆದರೆ ನಗುವುದಿಲ್ಲ. ಹೆದರಿದವನು ಓಡಲು ಜಾಗ ಹುಡುಕುತ್ತಾ ಹೊಡೆದಾಡಿದರೆ ನಗುತ್ತಾರೆ, ಅವನ ಪಕ್ಷವನ್ನೂ ವಹಿಸುತ್ತಾರೆ.

ನಾನೀಗ ಹೆಚ್ಚು ಬೀಳುವುದಿಲ್ಲ, ಬೀಳುವುದನ್ನು ಕಲಿಸುತ್ತೇನೆ. ಒಂದು ಹಳೇ ಗೋಡೌನು, ಅದರಲ್ಲಿ ಹೊಲಿಗೆ ಬಿಚ್ಚಿದ ಹದಿನಾಲ್ಕು ಹಾಸಿಗೆ, ಐವರು ಹುಡುಗಿಯರು. ಎಲ್ಲರಿಗಿಂತ ಸಣ್ಣವಳನ್ನು ಕಡ್ಡಿ ಎನ್ನುತ್ತೇವೆ. ಮೂವತ್ತೆಂಟು ಕೆಜಿ ಇದ್ದಾಳೆ, ನೆಲಕ್ಕೆ ಬಿದ್ದರೆ ಮೂಟೆ ಬಿದ್ದ ಸದ್ದು ಬರಿಸುತ್ತಾಳೆ. ಹೇಗೆಂದು ನನಗೂ ಹೇಳಿಲ್ಲ. ಈಗ ಒಂದು ದೊಡ್ಡ ಕಂಪನಿಯ ಚಿತ್ರದಲ್ಲಿ ಮೆಟ್ಟಿಲ ಮೇಲಿನ ಹೊಡೆದಾಟ ನಮಗೆ ಸಿಕ್ಕಿದೆ. ಹದಿನೆಂಟು ಮೆಟ್ಟಿಲು. ಕಡ್ಡಿಯದೇ ಮುಖ್ಯ ಬೀಳು. ಬೀಳುವ ಸಾಹಸಕ್ಕೆ ನಮ್ಮಲ್ಲಿ ಹಾಗೆನ್ನುತ್ತೇವೆ.

ನಿನ್ನ ಪಾತ್ರೆ ತೊಳೆಯುವವರು ನನಗೆ ಹಿಡಿಸಿದರು. ಆ ಪಾತ್ರವನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸು.

ಅತ್ತೆ


ಮಾರ್ಚ್ 1

ಅತ್ತೆ,

ನಿಮ್ಮ ನಮಸ್ಕಾರ ತಿಳಿಸಿದೆ. ಅವರು ತಲೆ ತಗ್ಗಿಸಿಕೊಂಡು ದಾಳಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದರು.

ಮೊನ್ನೆ ಭಾನುವಾರ ಹಿತ್ತಾಳೆ ಮುಷ್ಟಿಯ ನಾಯಕ ಹೋಟೆಲಿಗೆ ಊಟಕ್ಕೆ ಬಂದ. ನೀವು ಹೇಳಿದಂತೆ ಎಲ್ಲರೂ ಹೆದರಿದ್ದರು. ಗುರು ಮೇಜಿನ ಕೆಳಗೆ, ಅಡುಗೆಯವಳು ಬಾಗಿಲ ಹಿಂದೆ. ಪಾತ್ರೆ ತೊಳೆಯುವವನು ಮಹಡಿಯಿಂದ ತಟ್ಟೆಗಳನ್ನು ಹೊತ್ತು ಇಳಿಯಬೇಕಿತ್ತು. ದಾಳ ಹಾಕಿದರೆ ಒಂದು, ಎಲ್ಲಕ್ಕಿಂತ ಕೆಟ್ಟ ಅಂಕ. ಇನ್ನೊಮ್ಮೆ ಹಾಕಿದರೆ ಮತ್ತೂ ಒಂದು. "ಎಲ್ಲಿ ಬಿದ್ರಿ ಸಾರ್?" ಎಂದೆ. ಮಾತು ಹೊರಡಲು ಒಂದು ನಿಮಿಷವೇ ಹಿಡಿಯಿತು, ನಾವು ಕಾದೆವು. "ನಾಯಕನ... ತಟ್ಟೆ ಒಳಗೆ" ಎಂದರು. "ಕೈಗೆ ಏನು ಸಿಕ್ತು?" "ಅವನ... ಮೀಸೆ."

ನರ್ಸ್ ನಕ್ಕು ಕುರ್ಚಿಯಿಂದ ಜಾರಿದಳು. ಕೆಳಗಿನ ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದ ಗಿರಾಕಿ ಏನಾಯಿತೆಂದು ಮೇಲೆ ಬಂದು ನೋಡಿದ. ಹೊಸಬರೂ ನಕ್ಕರು. ಮುಖದ ಬಲಭಾಗ ಅವರಿಗೆ ಸರಿಯಾಗಿ ಏಳುವುದಿಲ್ಲ, ಆದರೂ ನಕ್ಕರು. ಅವರು ಮೀಸೆ ಬಿಡಲಿಲ್ಲ ಅತ್ತೆ. ಮುಂದಿನ ಆರು ಸರದಿ, ನಾಯಕ ಎಲ್ಲಿಗೆ ಹೋದರೆ ಇವರೂ ಅಲ್ಲಿಗೆ, ಮೀಸೆ ಹಿಡಿದುಕೊಂಡೇ.

ಮೆಟ್ಟಿಲ ಹೊಡೆದಾಟ ಹೇಗಾಯಿತು? ಕಡ್ಡಿಯ ಸದ್ದಿನ ಗುಟ್ಟು ತಿಳಿಯಿತೇ?

ಸೊಸೆ


ಮಾರ್ಚ್ 29

ಪುಟ್ಟಿ,

ಕೆಲಸ ಜಾಸ್ತಿ ಇತ್ತು, ಬರೆಯಲಾಗಲಿಲ್ಲ.

ನಿನ್ನ ಆಟಕ್ಕೆ ಒಂದು ಸಂದರ್ಭ ಕಳಿಸುತ್ತಿದ್ದೇನೆ. ಬೇಕಾದಂತೆ ಬದಲಿಸಿಕೋ. ಒಂದು ನಾಟಕದ ಕಂಪನಿ. ಅಲ್ಲಿ ಬೀಳುವ ಕೆಲಸದ ಒಬ್ಬ ಹುಡುಗಿ. ಮೆಟ್ಟಿಲ ಬುಡದಲ್ಲಿ ಹಾಸಿಗೆ ಇರಬೇಕು. ನೋಡುವವರಿಗೆ ಕಾಣುತ್ತದೆ ಎಂದು ಕೊನೇ ಗಳಿಗೆಯಲ್ಲಿ ಮ್ಯಾನೇಜರು ಅದನ್ನು ತೆಗೆಸುತ್ತಾನೆ. ಹುಡುಗಿಗೂ ಅವಳ ಗುರುವಿಗೂ ಅದು ತಿಳಿಯದು. ಅವಳು ಬೀಳುತ್ತಾಳೆ, ಮೊಣಕಾಲ ಚಿಪ್ಪು ಒಡೆಯುತ್ತದೆ. ಮರುದಿನ ಮ್ಯಾನೇಜರು ಗುರುವಿನ ಮುಂದೆ ಒಂದು ಕಾಗದ ಇಡುತ್ತಾನೆ. "ಹುಡುಗಿ ಹೇಳಿದ ಮಾತು ಕೇಳ್ಲಿಲ್ಲ, ತಪ್ಪು ಅವಳದೇ ಅಂತ ಸೈನ್ ಹಾಕಿ. ಹಾಕಿದ್ರೆ ಉಳಿದ ನಾಲ್ಕು ಹುಡುಗೀರಿಗೆ ಕೆಲಸ ಇರುತ್ತೆ. ಇಲ್ಲಾಂದ್ರೆ ನಿಮ್ಮನ್ನ ಯಾರೂ ಕರೆಯಲ್ಲ, ನಾನೇ ನೋಡ್ಕೋತೀನಿ" ಎನ್ನುತ್ತಾನೆ.

ಗುರು ಏನು ಮಾಡಬೇಕು ಎಂದು ನಿನ್ನ ಮೇಜಿನವರನ್ನು ಕೇಳು. ಬೇಗ ಬರಿ. ಆಟಕ್ಕೆ ಅಷ್ಟೇ.

ಅತ್ತೆ


ಏಪ್ರಿಲ್ 6

ಅತ್ತೆ,

ನಿಮಗೂ ಆಟದ ಹುಚ್ಚು ಹಿಡಿಯಿತು ನೋಡಿ. ಪತ್ರವಿಲ್ಲದೆ ನಾಲ್ಕು ವಾರ ಕಳೆದಾಗ ನನ್ನ ಮೇಲೆ ಕೋಪವೇನೋ ಎಂದುಕೊಂಡಿದ್ದೆ. ಇಂಥ ಸಂದರ್ಭ ಹೆಣೆಯುತ್ತಾ ಕೂತಿದ್ದೀರಿ ಎಂದು ಗೊತ್ತಾಗಿ ಖುಷಿಯಾಯಿತು.

ಭಾನುವಾರ ಅದನ್ನೇ ಆಡಿದೆವು. ದರ್ಜಿ, "ಈಗ ಸೈನ್ ಹಾಕೋದು, ಆಮೇಲೆ ಅವನ ಕೋಟು ಹೊಲಿಯೋವಾಗ ಒಳಗೆ ಸೂಜಿ ಬಿಡೋದು" ಎಂದ. ನರ್ಸ್ ಸೌಟು ತೆಗೆದಳು. ಹೊಸಬರು ಇಬ್ಬರ ಮಾತನ್ನೂ ಒಪ್ಪಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಕುಟ್ಟಿ, "ಸೈನ್ ಹಾಕಲ್ಲ. ಬರೀತೀನಿ" ಎಂದರು. ಏನು ಬರೆಯುತ್ತೀರಿ ಎಂದರೆ, "ಏನಾಯ್ತೋ... ಅದನ್ನ." ದಾಳ ಮುಂದಿಟ್ಟೆ. "ಇದಕ್ಕೆ ದಾಳ ಬೇಡ" ಎಂದು ಪಕ್ಕಕ್ಕೆ ಸರಿಸಿ, ನನ್ನ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ನಿಜಕ್ಕೂ ಬರೆಯಲು ಕೂತರು. ನಮ್ಮ ಆಟ ಅಲ್ಲಿಗೇ ನಿಂತಿತು. ಒಂದು ಪುಟಕ್ಕೆ ಎರಡು ಗಂಟೆ ಹಿಡಿಯಿತು. ಕೈ ಸೋತರೆ ಕೆಳಗಿಟ್ಟು, ಒತ್ತಿಕೊಂಡು, ಮತ್ತೆ ಬರೆದರು.

ನಾಟಕದ ಕಂಪನಿಯ ಮಾಲೀಕರಿಗೆ ಗುರು ಬರೆದ ಅರ್ಜಿ ಅದು. ಎಷ್ಟು ಚೆನ್ನಾಗಿದೆ ಎಂದು ನೀವೂ ನೋಡಿ ಎಂದು ಜೊತೆಗಿಟ್ಟಿದ್ದೇನೆ.

ಸೊಸೆ


ಏಪ್ರಿಲ್ 12

"ಈ ಮೂಲಕ ತಮ್ಮ ಆದ್ಯ ಗಮನಕ್ಕೆ ತರಬಯಸುವುದೇನೆಂದರೆ." ಕೆಳಗೆ ಅಳತೆಪಟ್ಟಿ ಇಟ್ಟು ಎರಡು ಗೆರೆ.

ನಮ್ಮಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಆಮೇಲೆ ನಿನ್ನ ಅಪ್ಪನ ಆ ಕೈಬರಹದ ಕೆಳಗೆ ಕಾಪಿ ಬರೆದೇ ನಾನು ಅಕ್ಷರ ಕಲಿತದ್ದು. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ?

ಅವನನ್ನು ಅಲ್ಲಿ ಕೂರಿಸಿಕೊಂಡು ನನ್ನ ಪತ್ರ ಓದಿದ್ದೀಯ. ನಾನು ಅವನಿಗೆ ನಮಸ್ಕಾರ ಕಳಿಸಿದ್ದೇನೆ. ನನ್ನ ಬೀಳು, ನನ್ನ ಹುಡುಗಿಯರು, ಇಪ್ಪತ್ತೆರಡು ವರ್ಷ ನಾನು ಕಟ್ಟಿಕೊಂಡದ್ದೆಲ್ಲ ನಿನ್ನ ಮೇಜಿನ ಮೇಲೆ ಅವನ ಭಾನುವಾರದ ಮೋಜಾಯಿತು.

ನಾನೂ ನಿನಗೆ ಸುಳ್ಳು ಹೇಳಿದ್ದೇನೆ, ಲೆಕ್ಕ ಸರಿಹೋಯಿತು. ಆ ಹುಡುಗಿ ಆಟದವಳಲ್ಲ. ಕಡ್ಡಿ. ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಇಪ್ಪತ್ತೈದರೊಳಗೆ ಸೈನ್ ಹಾಕಬೇಕಂತೆ.

ಅಕ್ಷರ ನಡುಗಿದೆ. ಯಾಕೆ ಎಂದು ನಾನು ಕೇಳುವುದಿಲ್ಲ.


ಏಪ್ರಿಲ್ 18

ಅತ್ತೆ,

ನೀವು ಕೇಳದಿದ್ದರೂ ಹೇಳುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು. ಕೈಕಾಲು ಸ್ವಲ್ಪ ಸ್ವಲ್ಪ ಬಂತು. ಮಾತು ಬರಬೇಕಾದರೆ ಆಡಿಸಬೇಕು ಎಂದರು ಡಾಕ್ಟರು. ಅಪ್ಪ ಆಡಲಿಲ್ಲ. ನಲವತ್ತು ವರ್ಷ ತರಗತಿಯಲ್ಲಿ ಗುಡುಗಿದವರಿಗೆ ತೊದಲುವುದನ್ನು ಯಾರೂ ಕೇಳಬಾರದು. ಭಾನುವಾರ ಒಬ್ಬರನ್ನೇ ಬಿಟ್ಟುಹೋಗಲಾಗದೆ ಮೇಜಿಗೆ ಕರೆದುಕೊಂಡು ಹೋದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು.

ನಗೆ ಹೊಡೆದಾಟ ಆಡೋಣ ಎಂದು ನಾನು ಹೇಳಿ, ಅದು ಸೊರಗಿ, ಎಲ್ಲರೂ ಸುಮ್ಮನೆ ಕೂತಿದ್ದಾಗ ಗೋಡೆಯ ಕಡೆಯಿಂದ ಒಂದು ಮಾತು ಬಂತು. "ರಬ್ಬರ್‌ನ ಕೇಳು." ಮೂರು ತಿಂಗಳಲ್ಲಿ ಅಪ್ಪ ಆಡಿದ ಮೊದಲ ಪೂರ್ತಿ ವಾಕ್ಯ ಅದು. ನಿಮ್ಮನ್ನು ಸೆಟ್ಟಿನಲ್ಲಿ ಹಾಗೆ ಕರೆಯುತ್ತಾರೆಂಬುದು ಅವರಿಗೆ ಗೊತ್ತಿತ್ತು. ಸಂಘದಲ್ಲಿ ವಿಚಾರಿಸು ಎಂದವರೂ ಅವರೇ. ಅವರಿಗೆ ಗೊತ್ತಿಲ್ಲ ಎಂದು ನಾನು ಬರೆದದ್ದು ಸುಳ್ಳು. ಅವರು ಹೇಳಿದರೆಂದು ತಿಳಿದರೆ ನೀವು ಉತ್ತರಿಸುವುದಿಲ್ಲ ಎಂದು ಹೆದರಿದೆ.

ನಿಮ್ಮ ಮೊದಲ ಪತ್ರವನ್ನು ಅವರಿಗೆ ಪೂರ್ತಿ ಕೊಟ್ಟೆ. ಕೊಡೆಯ ಭಾಗವನ್ನೂ ಓದಿದರು. ಆ ದಿನ ಊಟ ಮಾಡಲಿಲ್ಲ.

ಮೋಜಲ್ಲ ಅತ್ತೆ. ಕಡ್ಡಿಯ ಸಂಗತಿ ಆಟವಲ್ಲ ಎಂದು ನನಗೆ ತಿಳಿಯಲಿಲ್ಲ. ಅವರಿಗೆ ಮೊದಲ ಸಲ ಕೇಳಿದಾಗಲೇ ತಿಳಿಯಿತು. "ಇದು ಅವಳದೇ" ಎಂದು ಮನೆಗೆ ಬರುವ ದಾರಿಯಲ್ಲಿ ಹೇಳಿದರು, ನಾನು ನಂಬಲಿಲ್ಲ. ಕ್ಷಮೆ ಕೇಳಿ ಒಂದು ಸಾಲು ಬರೆಯಿರಿ ಎಂದೆ. "ಕ್ಷಮೆ ಅಂತ ಬರೆದ್ರೆ... ಹರಿದು ಹಾಕ್ತಾಳೆ. ನಾನೂ ಹರೀತಿದ್ದೆ" ಎಂದರು.

ಸೈನ್ ಹಾಕಬೇಡಿ. ಇದು ನನ್ನ ಮಾತು, ಅವರದಲ್ಲ.

ಸೊಸೆ


ಮೇ 11

ಪುಟ್ಟಿ,

ಸೈನ್ ಹಾಕಲಿಲ್ಲ. ನಿನ್ನ ಮಾತಿಗೂ ಅಲ್ಲ, ಅವನ ಅರ್ಜಿಗೂ ಅಲ್ಲ. ಆಸ್ಪತ್ರೆಯಲ್ಲಿ ಕಡ್ಡಿಯ ಮುಂದೆ ಆ ಕಾಗದ ಇಟ್ಟು, "ನೀನೇ ಹೇಳು" ಎಂದೆ. ಅವಳು ಓದಿ, ಮಡಚಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲ ಕೆಳಗೆ ಇಟ್ಟಳು.

ನಿನ್ನ ಅಪ್ಪನ ಅರ್ಜಿ ಹಳೇ ಕಾಲದ್ದು, ಒಂದು ವಾಕ್ಯ ಅರ್ಧ ಪುಟ. ಅದನ್ನು ಯಾರಿಗೂ ಕೊಡಲಿಲ್ಲ. ನಾನೇ ನಾಲ್ಕು ಸಾಲು ಬರೆದೆ. ಹಾಸಿಗೆ ಇತ್ತು, ಮ್ಯಾನೇಜರು ತೆಗೆಸಿದರು, ನಮಗೆ ಹೇಳಲಿಲ್ಲ, ಹುಡುಗಿ ನಾನು ಕಲಿಸಿದಂತೆಯೇ ಬಿದ್ದಳು. ಅದನ್ನು ಮ್ಯಾನೇಜರ ಕೈಗೆ ಕೊಟ್ಟೆ. ಓದಿ, "ಬೀಳೋರಿಗೇನು ಬರಗಾಲವಾ?" ಎಂದ. ಬೇರೆ ಕಡೆಯಿಂದ ಹನ್ನೊಂದು ಜನರನ್ನು ಕರೆಸಿದ.

ಬೀಳುವವರು ಒಬ್ಬರಿಗೊಬ್ಬರು ಪರಿಚಿತರಾಗಿರುತ್ತಾರೆ ಎಂಬುದು ಅವನಿಗೆ ತಿಳಿಯದು. ಎಲ್ಲರೂ ಎಂದಾದರೂ ಒಬ್ಬರ ಮೇಲೊಬ್ಬರು ಬಿದ್ದವರೇ. ಆ ಹನ್ನೊಂದು ಜನರ ಮನೆಗೂ ಹೋದೆ. ಯಾರನ್ನೂ ಬೇಡಿಕೊಳ್ಳಲಿಲ್ಲ. ಕಡ್ಡಿಯ ಕಾಲಿನ ಎಕ್ಸ್-ರೇ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ, ಬಂದೆ.

ಮೇ ಹದಿನೇಳಕ್ಕೆ ಎಂದಿದ್ದ ಚಿತ್ರೀಕರಣ ಬೇಗನೆ ಬಂದು ನಾಲ್ಕನೇ ತಾರೀಕಿಗೇ ನಡೆಯಿತು. ನನ್ನನ್ನು ಗೇಟಿನಲ್ಲಿ ತಡೆದರು. ದೀಪ ಹಿಡಿಯುವವರು ಹಿಂದಿನ ಬಾಗಿಲು ತೆಗೆದರು. ಮೆಟ್ಟಿಲ ಮೇಲೆ ಹನ್ನೊಂದು ಜನ, ತುದಿಯಲ್ಲಿ ಹೀರೋ. ಬುಡದಲ್ಲಿ ಬರೀ ನೆಲ. ಆಕ್ಷನ್ ಎಂದರು. ಹೀರೋ ಮೊದಲನೆಯವನಿಗೆ ಕಾಲು ಎತ್ತಿದ. ಅವನು ನಿಂತೇ ಇದ್ದ. ಹೀರೋ ಮತ್ತೆ ಎತ್ತಿದ. ಅವನು ಅಂಗಿಯ ಮೇಲಿನ ಧೂಳು ಕೊಡವಿಕೊಂಡು ನಿಂತ. ಮೂರನೇ ಸಲ ಹೀರೋಗೆ ರೋಷ ಬಂದು ನಿಜಕ್ಕೂ ಒದ್ದ. ಎದುರಿನವನು ಹಾರುತ್ತಾನೆ ಎಂದು ನಂಬಿ ಜೀವಮಾನವೆಲ್ಲ ಒದ್ದವನಿಗೆ ನಿಂತ ಮನುಷ್ಯನನ್ನು ಒದ್ದು ಅಭ್ಯಾಸವಿಲ್ಲ. ತಾನೇ ಹಿಂದಕ್ಕೆ ಹೋಗಿ ಮೆಟ್ಟಿಲ ಮೇಲೆ ಧಪ್ಪನೆ ಕೂತುಬಿಟ್ಟ. ಇಡೀ ಸೆಟ್ಟು ನಕ್ಕಿತು. ಮೂವತ್ತು ವರ್ಷದಲ್ಲಿ ಅಷ್ಟು ಚೆನ್ನಾದ ಬೀಳು ಅವನದು ಅದೊಂದೇ.

"ಯಾಕ್ರೀ ಬೀಳ್ತಿಲ್ಲ?" ಎಂದು ನಿರ್ದೇಶಕ ಕೂಗಿದ.

"ಹಾಸಿಗೆ ಇಲ್ಲ ಸಾರ್" ಎಂದ ಮೊದಲನೆಯವನು.

ಎರಡನೆಯವನನ್ನು ಕೇಳಿದ. "ಹಾಸಿಗೆ ಇಲ್ಲ ಸಾರ್."

ಹನ್ನೊಂದು ಜನರನ್ನೂ ಕೇಳಿದ. ಹನ್ನೊಂದನೆಯವನ ಸರದಿ ಬರುವಷ್ಟರಲ್ಲಿ ದೀಪದವರು, ಬಣ್ಣ ಬಳಿಯುವವರು, ಟೀ ಕೊಡುವವಳು, ಎಲ್ಲರೂ ಸೇರಿ ಹೇಳಿದರು.

ಮೂರು ದಿನ ಕೆಲಸ ನಿಂತಿತು. ನಾಲ್ಕನೇ ದಿನ ಹಾಸಿಗೆ ಬಂತು. ನನ್ನ ನಾಲ್ಕು ಸಾಲಿನ ಕೆಳಗೆ ನಿರ್ದೇಶಕನೇ ಸೈನ್ ಹಾಕಿದ, ಕಡ್ಡಿಯ ಚಿಕಿತ್ಸೆ ಕಂಪನಿಯ ತಲೆಯ ಮೇಲೆ ಬಂತು. ನನ್ನ ನಾಲ್ವರು ಹುಡುಗಿಯರನ್ನು ಮತ್ತೆ ಕರೆದರು. ನನ್ನನ್ನು ಕರೆಯಲಿಲ್ಲ. ಇನ್ನು ಕರೆಯುವುದೂ ಇಲ್ಲ. ಮ್ಯಾನೇಜರು ಆ ಮಾತು ಮಾತ್ರ ಉಳಿಸಿಕೊಂಡ. ಪರವಾಗಿಲ್ಲ, ಗೋಡೌನು ಇದೆ.

ನಿನ್ನ ಅಪ್ಪನಿಗೆ ಹೇಳು. ನಾನು ಆ ಮನೆಗೆ ಬರುವುದಿಲ್ಲ. ಯಾವತ್ತೂ ಬರುವುದಿಲ್ಲ. ಮಾತಾಡಬೇಕಿದ್ದರೆ ಅವನೇ ಇಲ್ಲಿಗೆ ಬರಲಿ. ಒಳಗೆ ಹುಡುಗಿಯರು ಕಲಿಯುತ್ತಿರುತ್ತಾರೆ, ಹೆಡ್ಮಾಸ್ಟರಿಕೆ ನಡೆಯುವುದಿಲ್ಲ.

ಅತ್ತೆ


ಮೇ 20

ಅತ್ತೆ,

ನಿಮ್ಮ ಪತ್ರವನ್ನು ಅಪ್ಪ ಎರಡು ಸಲ ಓದಿದರು. ಮೆಟ್ಟಿಲಿನ ಭಾಗಕ್ಕೆ ಬಂದಾಗ, "ಹನ್ನೊಂದು ಜನಾನೂವಾ?" ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಯ ಭಾಗವನ್ನೂ ಓದಿ ಪತ್ರ ಮಡಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಚೀಲದಲ್ಲಿ ಎರಡು ಜೊತೆ ಬಟ್ಟೆ, ಮಾತ್ರೆ ಡಬ್ಬ.

ನಾನು ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದೆ. "ಅವಳು... ಒಬ್ಬಳೇ ಹೋದ್ಲು. ನಾನೂ ಒಬ್ನೇ" ಎಂದರು. ಶುಕ್ರವಾರ ಬೆಳಗಿನ ರೈಲಿಗೆ ಹತ್ತಿಸುತ್ತೇನೆ, ಶನಿವಾರ ಮಧ್ಯಾಹ್ನ ತಲುಪುತ್ತಾರೆ. ಕೋಲು ಹಿಡಿದು ನಡೆಯುತ್ತಾರೆ, ನೋಡಿ ಗಾಬರಿಯಾಗಬೇಡಿ. ಸಹಾಯ ಮಾಡಲು ಹೋದರೆ ಸಿಡುಕುತ್ತಾರೆ.

ದರ್ಜಿಯೂ ನರ್ಸೂ ಅವರಿಲ್ಲದೆ ಆಡುವುದಿಲ್ಲ ಎಂದಿದ್ದಾರೆ. ಹಿತ್ತಾಳೆ ಮುಷ್ಟಿಯವರು ಸೇತುವೆಯ ಮೇಲೆ ಹಾಗೇ ನಿಂತಿದ್ದಾರೆ.

ಸೊಸೆ


ಜೂನ್ 3

ಪುಟ್ಟಿ,

ಅವನು ತಲುಪಿದ ಎಂದು ಆ ದಿನವೇ ಕಡ್ಡಿಯ ಫೋನಿನಿಂದ ನಿನಗೆ ತಿಳಿಸಿದ್ದೆ. ಉಳಿದದ್ದು ಈಗ ಬರೆಯುತ್ತಿದ್ದೇನೆ.

ನಾವು ಅಭ್ಯಾಸದಲ್ಲಿದ್ದೆವು. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಏಣಿಯಿಂದ ಬೀಳುತ್ತಿದ್ದರು, ನಾನು ಎಣಿಸುತ್ತಿದ್ದೆ. ಗೋಡೆಗೊರಗಿ ಒಂದೂವರೆ ಗಂಟೆ ನೋಡಿದ. ಕೋಲು ಹಿಡಿದ ಕಡ್ಡಿ ಅವನ ಪಕ್ಕದಲ್ಲಿ ನಿಂತಿದ್ದಳು. ಇಬ್ಬರ ಕೋಲೂ ಒಂದೇ ಥರದ್ದು. ಅವಳು ಯಾರೆಂದು ಅವನೇ ಕಂಡುಕೊಂಡ. "ಕಾಲು... ಹೇಗಿದೆ ಮಗು?" ಎಂದ. "ನಿಮ್ಮದು ಹೇಗಿದೆ ತಾತ?" ಎಂದಳು ಅವಳು.

ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದ. ಕ್ಷಮೆಯ ಮಾತು ಬರುತ್ತದೆ, ಬಂದರೆ ಏನು ಹೇಳಬೇಕು ಎಂದು ನಾನು ಇಪ್ಪತ್ತೆರಡು ವರ್ಷದಿಂದ ತಯಾರಿದ್ದೆ. ಅದು ಬರಲಿಲ್ಲ. ಅವನು ಹೇಳಿದ್ದು ಇದು.

"ಬಚ್ಚಲಲ್ಲಿ... ಎರಡ್ ಸಲ ಬಿದ್ದೆ. ಮಗಳಿಗೆ ಹೇಳಿಲ್ಲ. ಈಗ ನಡೆಯೋಕೇ ಹೆದರಿಕೆ. ನಂಗೆ ಬೀಳೋಕೆ ಬರಲ್ಲ. ಕಲಿಸ್ತೀಯಾ?"



ಮೂರು ಹಾಸಿಗೆ ಒಂದರ ಮೇಲೊಂದು ಹಾಕಿಸಿದೆ. ಕೈ ಊರಬಾರದು, ಗಲ್ಲ ಎದೆಗೆ ಸೇರಿಸು, ಉಸಿರು ಬಿಡು, ಪಕ್ಕಕ್ಕೆ ಉರುಳು ಎಂದು ಹೇಳಿಕೊಟ್ಟೆ. ಹುಡುಗಿಯರು ಸುತ್ತ ನಿಂತರು. ತುಂಬ ಹೊತ್ತು ಹಾಸಿಗೆಯ ಅಂಚಿನಲ್ಲಿ ನಿಂತೇ ಇದ್ದ, ಶಾಲೆಯ ಪ್ರಾರ್ಥನೆಗೆ ನಿಂತವನ ಹಾಗೆ ನೆಟ್ಟಗೆ. ಆಮೇಲೆ ಬಿದ್ದ. ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಮಾಡಲಿಲ್ಲ. ಬೀರು ಉರುಳಿದ ಹಾಗೆ ಬಿದ್ದು, ಒಂದು ಸಲ ಪುಟಿದು, ಕನ್ನಡಕ ಹಾರಿ ಕಡ್ಡಿಯ ಕಾಲ ಬುಡಕ್ಕೆ ಹೋಯಿತು.

ಕಡ್ಡಿಗೆ ತಡೆಯಲಾಗಲಿಲ್ಲ. ಅವಳು ನಕ್ಕಳು, ಉಳಿದವರೂ ನಕ್ಕರು, ನಾನೂ ನಕ್ಕೆ. ಗೋಡೌನಿನಲ್ಲಿ ನಗು ಎರಡರಷ್ಟಾಗಿ ಕೇಳುತ್ತದೆ. ಅವನು ಮಲಗಿದ ಕಡೆಯೇ ಮೇಲೆ ನೋಡುತ್ತಾ ಅದನ್ನು ಪೂರ್ತಿ ಕೇಳಿಸಿಕೊಂಡ. ಅವನ ಮುಖ ನೋಡಿ ನನ್ನ ನಗು ನಿಂತಿತು. ಅವನಿಗೆ ಸಿಟ್ಟು ಬಂದಿರಲಿಲ್ಲ.

"ಸರಿಯಾಗಿ... ಬಿದ್ನಾ?" ಎಂದ.

"ಇಲ್ಲ" ಎಂದೆ. "ಏಳು ಅಣ್ಣ. ಇನ್ನೊಂದ್ ಸಲ."

ಅತ್ತೆ